ಹೆಸರು ಹವ್ಯಾಸ, ದುಡಿಮೆ ಬಿಟ್ಟಿ

ಮೈಸೂರಿನಲ್ಲಿ ಒಂದು ಮಾತು ಬಹಳ ಕಾಲದಿಂದ ಚಲಾವಣೆಯಲ್ಲಿದೆ. “ಮನೆಯಲ್ಲಿ ಸುಮ್ಮನೆ ಕೂತಿರುತ್ತಾಳೆ, ಹೊತ್ತು ಹೋಗುವುದಕ್ಕೆ ನಾಲ್ಕು ಹೊಲಿಗೆ ಹಾಕುತ್ತಾಳೆ.” ಇದನ್ನು ಗಂಡ ಹೇಳುತ್ತಾನೆ, ಅಂಗಡಿಯವನು ಹೇಳುತ್ತಾನೆ, ಮಹಿಳಾ ಸಮಾಜದ ವೇದಿಕೆಯ ಮೇಲಿಂದ ಅಧ್ಯಕ್ಷಿಣಿಯವರು ಹೇಳುತ್ತಾರೆ, ಹೊಲಿಗೆ ಯಂತ್ರ ಹಂಚಿ ಭಾವಚಿತ್ರ ತೆಗೆಸಿಕೊಳ್ಳಲು ಬಂದ ಮಂತ್ರಿಮಹೋದಯರೂ ಹೇಳುತ್ತಾರೆ. ಕೇಳಿ ಕೇಳಿ, ಹೊಲಿಯುವವಳೂ ಈಗ ಅದನ್ನೇ ಹೇಳತೊಡಗಿದ್ದಾಳೆ. “ಏನೋ ಒಂದು ಹವ್ಯಾಸ ಅಷ್ಟೆ” ಎನ್ನುತ್ತಾಳೆ. ನಾವು ಈ ವಾರ ಆ ಒಂದು ಮಾತಿನ ಮೇಲೆಯೇ ಜಗಳ ತೆಗೆಯಲು ಹೊರಟಿದ್ದೇವೆ. ಕೂಲಿ ಕದಿಯುವುದಕ್ಕೆ ಇದಕ್ಕಿಂತ ಸಲೀಸಾದ ಉಪಾಯ ಬೇರೊಂದಿಲ್ಲ. ಕೆಲಸಕ್ಕೆ ಕೆಲಸವೆಂದು ಹೆಸರಿದ್ದರೆ ತಾನೆ ಕೂಲಿ ಕೇಳುವುದು? ಆಟವೆಂದು ಕರೆದುಬಿಟ್ಟರೆ ಆಟವಾಡಿದ್ದಕ್ಕೆ ಹಣ ಕೇಳುವ ಧೈರ್ಯ ಯಾರಿಗೆ ಬಂದೀತು?

ಗಾಂಧಿನಗರ, ಉದಯಗಿರಿ, ಕ್ಯಾತಮಾರನಹಳ್ಳಿ, ಮಂಡಿ ಮೊಹಲ್ಲಾ, ಯಾವ ಕಡೆಯ ಗಲ್ಲಿಯನ್ನಾದರೂ ಹೊಕ್ಕು ನೋಡಿ. ಬೀದಿಗೆ ತೆರೆದ ಕಿಟಕಿಯ ಪಕ್ಕದಲ್ಲಿ ಒಂದು ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಅಂಗಡಿಯ ಚೀಟಿ ಚುಚ್ಚಿದ ಸೀರೆಗಳ ಗಂಟು. ಫಾಲ್ಸ್ ಹೊಲಿಯುವುದು, ಪಿಕೊ ಹಾಕುವುದು, ರವಿಕೆಗೆ ಹುಕ್ಕು ಕಾಜಾ ಕೂಡಿಸುವುದು, ಲಂಗ, ನೈಟಿ, ದಿಂಬಿನ ಚೀಲ. ಸೀರೆ ಕೊಳ್ಳುವ ಹೆಂಗಸರಿಗೆ ಫಾಲ್ಸ್ ಒಂದು ಗಣನೆಯ ವಿಷಯವೇ ಅಲ್ಲ. ಅಂಗಡಿಯವರು ಎಷ್ಟೋ ವೇಳೆ ಅದನ್ನು ‘ಉಚಿತ’ವೆಂದೇ ಹೇಳಿ ಕೊಡುತ್ತಾರೆ. ಉಚಿತ! ನಾವು ಕೂತು ಲೆಕ್ಕ ಹಾಕಿದೆವು. ಫಾಲ್ಸಿನ ಪಟ್ಟಿ ಸುಮಾರು ಎರಡೂವರೆ ಮೀಟರು ಉದ್ದ, ಎಂದರೆ ನೂರು ಅಂಗುಲ. ಕೆಳಗಿನ ಅಂಚು, ಮೇಲಿನ ಅಂಚು ಎರಡನ್ನೂ ಹೊಲಿಯಬೇಕಾದುದರಿಂದ ಇನ್ನೂರು ಅಂಗುಲವಾಯಿತು. ಅಂಗುಲಕ್ಕೆ ಮೂರೇ ಹೊಲಿಗೆಯೆಂದು ಹಿಡಿದರೂ ಆರು ನೂರು ಸಲ ಸೂಜಿ ಏರಿ ಇಳಿಯಬೇಕು. ಅದೂ ಸೀರೆಯ ಮೈಯ ಮೇಲೆ ದಾರ ಕಾಣದ ಹಾಗೆ, ಒಂದೊಂದು ಎಳೆಯನ್ನು ಎತ್ತಿ. ಜರಿ ಎಳೆದು ಹೋದರೆ ದಂಡ ಅವಳದು. ಆರು ನೂರು ಹೊಲಿಗೆಗೆ ಅವಳ ಕೈಗೆ ಎಷ್ಟು ಬರುತ್ತದೆ ಎಂಬುದನ್ನು ನಾವು ಅಚ್ಚು ಹಾಕಬೇಕಾಗಿಲ್ಲ. ನಮ್ಮ ವಾಚಕರಲ್ಲಿ ಅರ್ಧ ಜನರ ಮನೆಯಲ್ಲಿ ಅದು ಗೊತ್ತಿದೆ.

ಮೈಸೂರು ರೇಷ್ಮೆಯ ಮಾತನ್ನೇ ತೆಗೆದುಕೊಳ್ಳಿ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆ ಇಂದಿಗೂ ಸರಕಾರದ ಕೈಯಲ್ಲಿದೆ. ಅಲ್ಲಿಯ ಕಾರ್ಮಿಕರಿಗೆ ಹಾಜರಿ ಪುಸ್ತಕವಿದೆ, ಭವಿಷ್ಯನಿಧಿಯಿದೆ. ಆ ಸೀರೆಯ ಹೆಸರನ್ನು ಬೇರೆಯವರು ಕದಿಯಬಾರದೆಂದು 2005ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆಯೂ ದೊರಕಿತು. ಬಹಳ ಸಂತೋಷ. ಆದರೆ ಅದೇ ಸೀರೆ ಅಂಗಡಿಯಿಂದ ಹೊರಟು, ಫಾಲ್ಸಿಗೆಂದು ಗಲ್ಲಿಯ ಕಿಟಕಿಗೆ ಬಂದ ಗಳಿಗೆಯಿಂದ ಎಲ್ಲ ಕಾನೂನೂ ಹೊಸಿಲಾಚೆಯೇ ನಿಂತುಬಿಡುತ್ತದೆ. ಸೀರೆಯ ಹೆಸರಿಗೆ ರಕ್ಷಣೆಯಿದೆ, ಹೊಲಿದವಳ ಕಣ್ಣಿಗಿಲ್ಲ.

ಇದು ಹಳೆಯ ಕಥೆ. ಹೊಸದೊಂದಿದೆ. ಇತ್ತೀಚಿನ ವರ್ಷಗಳಲ್ಲಿ ಶ್ರೀಮಂತ ಬಡಾವಣೆಗಳಿಗೆ ಕೌದಿಯ ಖಯಾಲಿ ಹತ್ತಿದೆ. ನಿನ್ನೆಯವರೆಗೆ ಕೌದಿಯೆಂದರೆ ಮೂಗು ಮುರಿಯುತ್ತಿದ್ದವರ ದಿವಾನಖಾನೆಗಳಲ್ಲಿ ಇಂದು ಕೌದಿ ಗೋಡೆಗೆ ಏರಿದೆ. ಬುಟೀಕುಗಳಲ್ಲಿ ಅದು ‘ಕ್ವಿಲ್ಟು’. ರಜಾ ದಿನಗಳಲ್ಲಿ ಕ್ವಿಲ್ಟಿಂಗ್ ಕಲಿಸುವ ತರಗತಿಗಳು ನಡೆಯುತ್ತವೆ. ಮನಸ್ಸಿಗೆ ನೆಮ್ಮದಿ ತರುವ ಹವ್ಯಾಸವೆಂದು ವೈದ್ಯರೂ ಶಿಫಾರಸು ಮಾಡುತ್ತಾರಂತೆ. ಆಗಲಿ. ಹೊತ್ತಿರುವವರು ಹೊಲಿಯಲಿ, ನೆಮ್ಮದಿ ಪಡೆಯಲಿ. ನವರಾತ್ರಿಯ ಬೊಂಬೆಗಳಿಗೆ ಅಂಗೈಯಗಲದ ಸೀರೆ ಹೊಲಿದು ಉಡಿಸುವ ಹೆಂಗಸರ ಜೊತೆಗೂ ನಮಗೆ ತಕರಾರಿಲ್ಲ. ಅದು ಈ ಊರಿನ ಚೆಂದಗಳಲ್ಲಿ ಒಂದು. ನಮ್ಮ ತಕರಾರು ಇರುವುದು ಬೇರೆಡೆ. ಬುಟೀಕಿನಲ್ಲಿ ಮಾರಾಟವಾಗುವ ಕೌದಿಯನ್ನು ಕ್ವಿಲ್ಟಿಂಗ್ ತರಗತಿಯ ಅಮ್ಮನವರು ಹೊಲಿದಿರುವುದಿಲ್ಲ. ಅದು ಹುಬ್ಬಳ್ಳಿ, ವಿಜಯಪುರ, ಬೆಳಗಾವಿಯ ಕಡೆಯಿಂದ ಬಂದದ್ದು. ಇಲ್ಲವೇ ನಮ್ಮದೇ ಊರಿನ ಯಾವಳೋ ಒಬ್ಬಳು ಹಿಂದಿನ ಕೋಣೆಯಲ್ಲಿ ಕೂತು ಹೊಲಿದದ್ದು. ಕೊಳ್ಳುವವರಿಗೆ ಮಾತ್ರ ಹೇಳುವುದೇನು? “ನಮ್ಮ ಹಳ್ಳಿಯ ತಾಯಂದಿರು ಬಿಡುವಿನ ವೇಳೆಯಲ್ಲಿ ಪ್ರೀತಿಯಿಂದ ಹೊಲಿದದ್ದು.” ಪ್ರೀತಿಗೆ ಬೆಲೆ ಕಟ್ಟಲಾಗುವುದಿಲ್ಲವಲ್ಲ! ಆದುದರಿಂದ ಕಟ್ಟುವುದೇ ಇಲ್ಲ. ಅಂಗಡಿಯವರು ಮಾತ್ರ ಕಟ್ಟಿಕೊಳ್ಳುತ್ತಾರೆ.

ಕೌದಿಯ ಲೆಕ್ಕವನ್ನೂ ಹಾಕೋಣ. ಗಿರಣಿಯವರಿಗೆ ಎಳೆಯ ಲೆಕ್ಕ, ವ್ಯಾಪಾರಿಗಳಿಗೆ ಗಜದ ಲೆಕ್ಕ ಹೊಸದೇನಲ್ಲ. ಐದು ಅಡಿ ಅಗಲ, ಏಳು ಅಡಿ ಉದ್ದದ ಒಂದು ಕೌದಿ. ಹಳೆಯ ಸೀರೆ, ಪಂಚೆಗಳನ್ನು ಮೂರು ನಾಲ್ಕು ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಅರ್ಧ ಅಂಗುಲಕ್ಕೊಂದು ಸಾಲಿನಂತೆ ಹೊಲಿಯುತ್ತ ಹೋಗಬೇಕು. ಅರವತ್ತು ಅಂಗುಲ ಅಗಲಕ್ಕೆ 120 ಸಾಲು. ಒಂದೊಂದು ಸಾಲೂ 84 ಅಂಗುಲ. ಒಟ್ಟು 10,080 ಅಂಗುಲ, ಎಂದರೆ 280 ಗಜ ಹೊಲಿಗೆ. ಅಂಗುಲಕ್ಕೆ ನಾಲ್ಕು ಹೊಲಿಗೆಯಾದರೆ ನಲವತ್ತು ಸಾವಿರದ ಮೇಲೆ. ನಾಲ್ಕು ಪದರಗಳನ್ನು ಚುಚ್ಚಿಕೊಂಡು ಹೋಗುವ ಕೈ ನಿಮಿಷಕ್ಕೆ ಹನ್ನೆರಡು ಹೊಲಿಗೆ ಹಾಕಿದರೆ ಐವತ್ತಾರು ಗಂಟೆ ಬೇಕು. ಎಂಟು ಗಂಟೆಯ ದಿನದಂತೆ ಸರಿಯಾಗಿ ಏಳು ದಿನ. ಬಟ್ಟೆ ಒಗೆದು, ಒಣಗಿಸಿ, ಕತ್ತರಿಸಿ, ತುಂಡು ಜೋಡಿಸಿದ ಹೊತ್ತನ್ನು ನಾವು ಹಿಡಿದೇ ಇಲ್ಲ. ಈಗ ನೋಡಿ: 2025-26ನೇ ಸಾಲಿಗೆ ಉದ್ಯೋಗ ಖಾತರಿಯಲ್ಲಿ ಮಣ್ಣು ಅಗೆಯುವವರಿಗೆ ಕರ್ನಾಟಕದಲ್ಲಿ ಗೊತ್ತುಮಾಡಿದ್ದ ದಿನಗೂಲಿ 370 ರೂಪಾಯಿ. ಅದೇನೂ ದೊಡ್ಡ ಕೂಲಿಯಲ್ಲ. ಸಾಲದೆಂದು ನಾವೇ ಎಷ್ಟೋ ಸಲ ಕೂಗಾಡಿದ್ದೇವೆ. ಅದರ ಪ್ರಕಾರವೇ ಏಳು ದಿನಕ್ಕೆ 2,590 ರೂಪಾಯಿಯಾಗುತ್ತದೆ. ದಾರದ ಖರ್ಚು ಬೇರೆ. ಕೌದಿ ಹೊಲಿದವಳ ಕೈಗೆ ಇದಕ್ಕಿಂತ ಒಂದು ರೂಪಾಯಿ ಕಡಮೆ ಬಿದ್ದರೂ ಆಕೆಯ ಕಸುಬುದಾರಿಕೆಗೆ ನಾವು ಕಟ್ಟಿದ ಬೆಲೆ ಸೊನ್ನೆಗಿಂತ ಕೆಳಗೆ. ನಿಮ್ಮ ಪರಿಚಯದವರು ಯಾರಾದರೂ ಮಾರಾಟಕ್ಕೆ ಕೌದಿ ಹೊಲಿಯುತ್ತಿದ್ದರೆ ಕೇಳಿ ನೋಡಿ, ಎಷ್ಟು ಸಿಕ್ಕಿತೆಂದು.

“ಅಲ್ಲ ಸ್ವಾಮಿ, ನಮ್ಮ ಅಜ್ಜಿಯರು ಕೌದಿ ಹೊಲಿಯುವಾಗ ಯಾವ ಕೂಲಿ ಕೇಳಿದ್ದರು?” ಎಂದು ಮೆತ್ತಗೆ ಪ್ರಶ್ನಿಸುವ ಸಜ್ಜನರಿದ್ದಾರೆ. ಕೇಳಿರಲಿಲ್ಲ, ನಿಜ. ಅಜ್ಜಿ ಹೊಲಿದದ್ದು ಮೊಮ್ಮಗುವಿನ ತೊಟ್ಟಿಲಿಗೆ. ಸತ್ತ ಗಂಡನ ಪಂಚೆ, ಮಗಳ ಮದುವೆಯ ರವಿಕೆ, ಹರಿದ ಲಂಗ, ಎಲ್ಲವೂ ಅದರೊಳಗೆ ಸೇರುತ್ತಿದ್ದವು. ಮನೆಯ ಚರಿತ್ರೆಯನ್ನೇ ಹೊದ್ದು ಮಲಗುವ ಹಾಗೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ತಮ್ಮ ಕವಂದಿಯ ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂಗಳನ್ನಿಡದೆ ಅದನ್ನು ಮುಗಿಯಿತೆನ್ನುವುದಿಲ್ಲ. ಆ ಕವಂದಿಗಳು ಅಮೆರಿಕೆಯ ಪ್ರದರ್ಶನಗಳವರೆಗೂ ಹೋಗಿ ಬಂದಿವೆ. ಉತ್ತರದ ಜಿಲ್ಲೆಗಳಲ್ಲಿ ಗೋಂಧಳಿ ಹೆಂಗಸರು ಊರೂರು ತಿರುಗಿ ಮನೆ ಮುಂದೆ ಕೂತು ಕೌದಿ ಹೊಲಿದು ಕೊಡುತ್ತಾರೆ. ಈ ಕೊನೆಯವರು ಕೂಲಿ ಕೇಳುತ್ತಾರೆ, ಚೌಕಾಸಿಯನ್ನೂ ಮಾಡುತ್ತಾರೆ. ಅವರಿಗೆ ತಮ್ಮದು ಹವ್ಯಾಸವೆಂಬ ಭ್ರಮೆ ಎಂದೂ ಇರಲಿಲ್ಲ. ಮೊಮ್ಮಗುವಿಗೆ ಹೊಲಿದದ್ದು ಮಮತೆ. ಮಾರುವುದಕ್ಕೆ ಹೊಲಿಸಿಕೊಂಡ ಮೇಲೆ ಅದು ಸರಕು. ಸರಕಿಗೆ ಮಮತೆಯ ವೇಷ ತೊಡಿಸಿ ಮಾರುವವರಿಗೆ ಅಜ್ಜಿಯ ಹೆಸರೆತ್ತುವ ಹಕ್ಕಿಲ್ಲ.

ಹನ್ನೆರಡನೆಯ ಶತಮಾನದ ಹೊತ್ತಿಗೆ ಈ ನಾಡಿನಲ್ಲಿ ಸೂಜಿ ಹಿಡಿದವನನ್ನು ಏನೆಂದು ಕರೆದರು? ಸೂಜಿಕಾಯಕದ ರಾಮಿತಂದೆ. ನೂಲು ತೆಗೆಯುತ್ತಿದ್ದ ಹೆಂಗಸು ಕದಿರ ರೆಮ್ಮವ್ವೆ, ನೇಯುವವನು ಜೇಡರ ದಾಸಿಮಯ್ಯ. ಕೆಲಸವನ್ನು ಕಾಯಕವೆಂದರು, ಕಾಯಕದ ಹೆಸರನ್ನು ಮನುಷ್ಯನ ಹೆಸರಿನ ಮುಂದೆ ಬಿರುದಿನ ಹಾಗೆ ಇಟ್ಟರು. ಒಂಬೈನೂರು ವರ್ಷಗಳ ನಂತರ, ಸಂವಿಧಾನ, ಕಾನೂನು, ಇಲಾಖೆ, ಮಂಡಲಿ ಎಲ್ಲ ಇರುವ ನಾವು ಅದೇ ಸೂಜಿಯನ್ನು ಹಿಡಿದವಳಿಗೆ ‘ಹೌಸ್‌ವೈಫು’ ಎಂದು ಬರೆದುಕೊಂಡು ಕೈ ತೊಳೆದುಕೊಂಡಿದ್ದೇವೆ. ಇದನ್ನು ಪ್ರಗತಿ ಎನ್ನುವವರು ಎನ್ನಲಿ.

ಹಾಗೆಂದು ನಾವು ಹವ್ಯಾಸದ ವೈರಿಗಳೆಂದು ಯಾರೂ ತಿಳಿಯಬಾರದು. ಸಮಾಜವಾದಿಗಳು ಹವ್ಯಾಸಕ್ಕಾಗಿ ಹೋರಾಡಿದಷ್ಟು ಬೇರೆ ಯಾರೂ ಹೋರಾಡಿಲ್ಲ. ಎಂಟು ಗಂಟೆ ಕೆಲಸ, ಎಂಟು ಗಂಟೆ ನಿದ್ದೆ, ಎಂಟು ಗಂಟೆ ನಮ್ಮ ಇಷ್ಟಕ್ಕೆ ಎಂಬ ಬೇಡಿಕೆಯ ಕೊನೆಯ ಭಾಗವಿದೆಯಲ್ಲ, ಅದೇ ಹವ್ಯಾಸ. ಇಂಗ್ಲೆಂಡಿನ ವಿಲಿಯಂ ಮಾರಿಸ್ ಎಂಬ ಮಹನೀಯ ಸಮಾಜವಾದಿಯೂ ಹೌದು, ಕಸೂತಿ ಮತ್ತು ಬಟ್ಟೆಯ ಚಿತ್ತಾರಗಳ ದೊಡ್ಡ ಕಸುಬುದಾರನೂ ಹೌದು. ಎಲ್ಲರ ದುಡಿಮೆಯೂ ಸಂತೋಷದ ದುಡಿಮೆಯಾಗಬೇಕೆಂದು ಆತ ಜೀವಮಾನವಿಡೀ ಸಾರಿದ. ಆದರೆ ಅವನ ಅಂಗಡಿಯ ಪರದೆಗಳನ್ನು ಕೊಂಡವರು ಹಣವಂತರು. ಇದರ ಕಹಿ ಆತನಿಗೂ ಗೊತ್ತಿತ್ತು, ಅದಕ್ಕೇ ಆತ ಬೀದಿಯ ಸಭೆಗಳಿಗೆ ಇಳಿದ. ನಮ್ಮ ಕೇಳಿಕೆಯೂ ಅದೇ: ಸಂತೋಷಕ್ಕಾಗಿ ಹೊಲಿಯುವ ಬಿಡುವು ಮಿಲ್ಲಿನ ಹೆಂಗಸಿಗೂ ಇರಬೇಕು.

ಇದೆಯೆ? ನಮ್ಮ ಊರಿನ ಸುತ್ತಲಿನ ಸಿದ್ಧ ಉಡುಪು ಕಾರ್ಖಾನೆಗಳಿಗೆ ಮುಂಜಾನೆ ವ್ಯಾನುಗಳಲ್ಲಿ ತುಂಬಿಕೊಂಡು ಹೋಗುವ ಹುಡುಗಿಯರನ್ನು ಕೇಳಿ. ದಿನವಿಡೀ ಒಬ್ಬಳು ಬರೇ ಕಾಲರು ಹೊಲಿಯುತ್ತಾಳೆ, ಇನ್ನೊಬ್ಬಳು ಬರೇ ತೋಳು. ಇಡೀ ಅಂಗಿಯನ್ನು ಅವರಲ್ಲಿ ಯಾರೂ ಹೊಲಿಯುವುದಿಲ್ಲ. 2023ರ ಫೆಬ್ರವರಿಯಲ್ಲಿ ರಾಜ್ಯದ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಲು ಬಾಗಿಲು ತೆರೆಯಿತು. ವಾರಕ್ಕೆ ನಲವತ್ತೆಂಟೇ ಗಂಟೆ ಎಂಬ ಸಮಾಧಾನವನ್ನೂ ಹೇಳಿತು. ಹನ್ನೆರಡು ಗಂಟೆ ಯಂತ್ರದ ಮುಂದೆ ಕೂತು ಬಂದವಳು ರಾತ್ರಿ ಮನೆಯಲ್ಲಿ ಹವ್ಯಾಸಕ್ಕೆ ಸೂಜಿ ಹಿಡಿದಾಳೆಯೆ? ಆಕೆಗೆ ಬೇಕಾದದ್ದು ಬೆನ್ನಿಗೆ ಎಣ್ಣೆ. ಇಷ್ಟಾದರೂ ಕಾರ್ಖಾನೆಯವಳಿಗೆ ಒಂದು ಬಲವಿದೆ, ಅವಳ ಪಕ್ಕದಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣ ತೆಗೆಯುವುದಕ್ಕೆ ಕೇಂದ್ರ ಸರಕಾರ ಅಡ್ಡಿ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು, ಯಾವ ನಾಯಕನಿಗೂ ಕಾಯದೆ, ರಸ್ತೆಗಿಳಿದರು. ಸರಕಾರ ಆದೇಶ ಹಿಂತೆಗೆದುಕೊಂಡಿತು. 2020ರ ಜೂನಿನಲ್ಲಿ ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ತನ್ನ ಘಟಕವನ್ನು ಮುಚ್ಚಹೊರಟಾಗ ಸಾವಿರಕ್ಕೂ ಮೇಲ್ಪಟ್ಟ ಕಾರ್ಮಿಕರು, ಬಹುಪಾಲು ಹೆಂಗಸರು, ಕಾರ್ಖಾನೆಯ ಬಳಿಯೇ ಧರಣಿ ಕೂತರು. ವಿದೇಶದ ಬ್ರಾಂಡಿನವರವರೆಗೂ ಅದು ಕೇಳಿಸಿತು. ಕಿಟಕಿಯ ಬಳಿ ಒಬ್ಬಳೇ ಕೂತು ಫಾಲ್ಸ್ ಹೊಲಿಯುವವಳು ಯಾರ ಜೊತೆ ಧರಣಿ ಕೂತಾಳು? ಯಾರ ಬಾಗಿಲಿಗೆ? ತನ್ನ ಮನೆಯೇ ಅವಳಿಗೆ ಕಾರ್ಖಾನೆ. ಅಲ್ಲಿ ಮುಷ್ಕರ ಹೂಡಿದರೆ ಮೊದಲು ಆರುವುದು ಅವಳದೇ ಒಲೆ.

ಬಂಡವಾಳಗಾರನ ಜಾಣತನ ಇರುವುದು ಇಲ್ಲಿಯೇ. ಗಿರಣಿ ನಡೆಸುವವನು ಕಟ್ಟಡ ಕಟ್ಟಬೇಕು, ಯಂತ್ರ ತರಬೇಕು, ದೀಪ ಹಾಕಬೇಕು, ಶೌಚಾಲಯ ಕಟ್ಟಿಸಬೇಕು, ಇನ್‌ಸ್ಪೆಕ್ಟರಿಗೆ ಉತ್ತರ ಹೇಳಬೇಕು. ಮನೆಗೆ ಕೆಲಸ ಕೊಟ್ಟುಬಿಟ್ಟರೆ ಕಟ್ಟಡ ಅವಳದು, ಯಂತ್ರ ಅವಳದು, ಕರೆಂಟು ಅವಳದು, ಸೂಜಿ ಮುರಿದರೆ ಅದೂ ಅವಳದೇ. ನಮ್ಮ ಕೃಷ್ಣರಾಜೇಂದ್ರ ಗಿರಣಿ ಮುಚ್ಚಿಹೋಗಿ ಎಷ್ಟೋ ಕಾಲವಾಯಿತು. ಇಂದು ಆ ಹೆಸರು ಉಳಿದಿರುವುದು ಬಸ್ಸು ನಿಲ್ಲುವ ಜಾಗಕ್ಕೆ ಮಾತ್ರ. ಬಟ್ಟೆಯ ದುಡಿಮೆ ಮಾತ್ರ ಊರು ಬಿಟ್ಟು ಹೋಗಿಲ್ಲ. ಸೈರನ್ನಿಲ್ಲದೆ, ಹಾಜರಿಯಿಲ್ಲದೆ, ಒಂದೊಂದೇ ಕಿಟಕಿಯ ಹಿಂದೆ ಅದು ಅಡಗಿ ಕೂತಿದೆ.

ಈಗ ಕಾನೂನಿನ ಮಾತು. ಸ್ವಲ್ಪ ಒಣ ವಿಷಯ, ಆದರೂ ವಾಚಕರು ಗಮನವಿಟ್ಟು ಓದಬೇಕು. 1948ರ ಕನಿಷ್ಠ ಕೂಲಿ ಕಾಯಿದೆಯನ್ನು ಬರೆದವರು ದಡ್ಡರಾಗಿರಲಿಲ್ಲ. ‘ನೌಕರ’ ಎಂದರೆ ಯಾರು ಎಂದು ಹೇಳುವಾಗ, ಇನ್ನೊಬ್ಬರು ಕೊಟ್ಟ ಸಾಮಾನನ್ನು ಮಾರಾಟದ ಸಲುವಾಗಿ ತನ್ನ ಮನೆಯಲ್ಲೇ ಕೂತು ತಯಾರಿಸುವ, ಅಲಂಕರಿಸುವ, ರಿಪೇರಿ ಮಾಡುವ ಹೊರಗೆಲಸದವರೂ ನೌಕರರೇ ಎಂದು ಸ್ಪಷ್ಟವಾಗಿ ಸೇರಿಸಿದ್ದರು. ಕರ್ನಾಟಕದಲ್ಲಿ ಹೊಲಿಗೆ ಉದ್ಯಮಕ್ಕೆ ಕನಿಷ್ಠ ಕೂಲಿಯ ಅಧಿಸೂಚನೆಗಳೂ ಹೊರಟವು. ಎಂದರೆ, ಫಾಲ್ಸ್ ಹೊಲಿಯುವವಳು ಎಷ್ಟೋ ವರ್ಷಗಳ ಕಾಲ ಕಾಗದದ ಮೇಲೆ ಕೂಲಿಗೆ ಹಕ್ಕುದಾರಳಾಗಿದ್ದಳು. ಅವಳಿಗೆ ಅದನ್ನು ಹೇಳಿದವರು ಯಾರು? ಯಾವ ಇನ್‌ಸ್ಪೆಕ್ಟರು ಯಾವ ಗಲ್ಲಿಗೆ ಬಂದಿದ್ದ? ಕೊನೆಗೆ ಆ ಕಾಯಿದೆಯೇ ಹೋಯಿತು. 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು 1948ರ ಕಾಯಿದೆಯನ್ನು ನುಂಗಿಹಾಕಿತು. ಹೊಸ ಸಂಹಿತೆಯಲ್ಲಿ ನೌಕರನ ವ್ಯಾಖ್ಯೆಯನ್ನು ಹುಡುಕಿ ನೋಡಿ: ಮನೆಯಲ್ಲಿ ಕೂತು ದುಡಿಯುವ ಹೊರಗೆಲಸದವರ ಮಾತು ಅಲ್ಲಿಲ್ಲ. ಅವಳ ಹೆಸರು ಇನ್ನೊಂದು ಸಂಹಿತೆಗೆ, 2020ರ ಸಾಮಾಜಿಕ ಭದ್ರತೆಯ ಸಂಹಿತೆಗೆ, ವರ್ಗವಾಗಿದೆ. ಅಲ್ಲಿ ಅವಳು ಅಸಂಘಟಿತಳು. ನೋಂದಣಿಯುಂಟು, ಕಾರ್ಡುಂಟು, ಯೋಜನೆಗಳ ಆಶ್ವಾಸನೆಯುಂಟು. ಕೂಲಿಯೊಂದಿಲ್ಲ. ಕ್ಷೀರಸಾಗರ ಭಟ್ಟರ ಮನೆಯಲ್ಲಿ ಮಜ್ಜಿಗೆಗೆ ತತ್ವಾರ ಎಂಬ ಗಾದೆ ಸುಮ್ಮನೆ ಹುಟ್ಟಿತೆ? ರಾಜ್ಯದ ಅಂಬೇಡ್ಕರ್ ಸಹಾಯ ಹಸ್ತ ಯೋಜನೆಯ ಪಟ್ಟಿಯಲ್ಲೂ ಟೈಲರುಗಳು ಇದ್ದಾರೆ, ಕಾರ್ಡು ಪಡೆದವರೂ ಇದ್ದಾರೆ, ಬೇಡವೆನ್ನುವುದಿಲ್ಲ. ಆದರೆ ಅಪಘಾತವಾದರೆ ಹಣ ಬರುತ್ತದೆಯೆಂಬುದು ಅಪಘಾತವಾಗದೆ ದಿನಾ ಹೊಲಿಯುವವಳಿಗೆ ಏನು ಸಮಾಧಾನ?

ಆಗದ ಹೋಗದ ಮಾತನ್ನು ನಾವು ಆಡುತ್ತಿದ್ದೇವೆಂದು ಹೇಳುವವರು ಮೈಸೂರಿನಲ್ಲೇ ಬೀಡಿ ಕಟ್ಟುವವರನ್ನು ಹೋಗಿ ನೋಡಲಿ. ಅದೂ ಮನೆಯಲ್ಲಿ ಕೂತು ಮಾಡುವ ಕೆಲಸ. ಅದನ್ನೂ ಒಂದು ಕಾಲದಲ್ಲಿ “ಹೊತ್ತು ಕಳೆಯಲು ಎಲೆ ಸುತ್ತುತ್ತಾರೆ” ಎಂದೇ ಮಾಲಿಕರು ಹೇಳುತ್ತಿದ್ದರು. ಹೋರಾಟಗಳಾದವು, 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂತು, ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ ಎಂದಾಯಿತು. 1976ರಲ್ಲಿ ಕಲ್ಯಾಣನಿಧಿಯ ಕಾಯಿದೆ ಬಂತು. ಸಾವಿರ ಬೀಡಿಗೆ ಇಷ್ಟು ಎಂಬ ದರ ಇಂದಿಗೂ ಗಲ್ಲಿಯ ಮಕ್ಕಳ ಬಾಯಲ್ಲೂ ಇದೆ. ಒಂದೇ ಮನೆಯ ಒಂದೇ ಕೋಣೆಯಲ್ಲಿ ಅಕ್ಕ ಬೀಡಿ ಕಟ್ಟಿದರೆ ಕಾರ್ಮಿಕಳು, ತಂಗಿ ರವಿಕೆ ಹೊಲಿದರೆ ಹವ್ಯಾಸಿ! ಈ ವಿಚಿತ್ರ ನ್ಯಾಯಕ್ಕೆ ಕಾರಣ ಬೀಡಿಯ ಹೊಗೆಯೂ ಅಲ್ಲ, ಸೂಜಿಯ ಮೊನೆಯೂ ಅಲ್ಲ. ಅಕ್ಕನ ಕಡೆಯವರು ಸಂಘ ಕಟ್ಟಿದ್ದರು. ಮನೆಗೆಲಸಗಾರರಿಗೂ ಉಳಿದ ಕಾರ್ಮಿಕರಿಗೂ ಸಮಾನ ನಡವಳಿಕೆ ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದಕ್ಕೆ ಇನ್ನೂ ಸಹಿ ಹಾಕಿಲ್ಲ.

ಸರಕಾರಕ್ಕೆ ಗೊತ್ತಿರುವ ಒಂದೇ ಔಷಧಿಯೆಂದರೆ ಹೊಲಿಗೆ ಯಂತ್ರ. ವಿಧವೆಯೆ? ಯಂತ್ರ ಕೊಡಿ. ಗಂಡನಿಗೆ ಕೆಲಸ ಹೋಯಿತೆ? ಯಂತ್ರ ಕೊಡಿ. ಚುನಾವಣೆ ಬಂತೆ? ಹಾಗಾದರೆ ಎರಡು ಲಾರಿ ತುಂಬ ಕೊಡಿ. 2023ರ ಸೆಪ್ಟೆಂಬರ್ 17ರಂದು ಪ್ರಧಾನಿಗಳು ಆರಂಭಿಸಿದ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ದರ್ಜಿಯದೂ ಒಂದು; ಉಪಕರಣಕ್ಕೆ 15,000 ರೂಪಾಯಿ ನೆರವು, ಶೇಕಡಾ ಐದರ ಬಡ್ಡಿಯಲ್ಲಿ ಸಾಲ. ಯಂತ್ರ ಸಿಕ್ಕಿದವರಿಗೆ ಅನುಕೂಲವಾಗಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಒಂದೇ ಗಲ್ಲಿಗೆ ಹತ್ತು ಯಂತ್ರ ಬಂದು, ಕೆಲಸ ಕೊಡುವ ಅಂಗಡಿ ಅಷ್ಟೇ ಉಳಿದರೆ ಏನಾಗುತ್ತದೆ? ಹತ್ತು ಜನ ಪೈಪೋಟಿಯಿಂದ ದರ ಇಳಿಸುತ್ತಾರೆ. ಸರಕಾರದ ಹಣದಲ್ಲಿ ಕೊಂಡ ಯಂತ್ರದಿಂದ ಲಾಭ ಪಡೆಯುವವನು ಅದನ್ನು ಮುಟ್ಟಿಯೂ ನೋಡದ ದಲ್ಲಾಳಿ.

ಇಲ್ಲಿ ನಮ್ಮವರನ್ನೂ ಸ್ವಲ್ಪ ಚುಚ್ಚಬೇಕಾಗಿದೆ. ಯಂತ್ರಗಳ ಕಡು ವಿರೋಧಿಯೆನಿಸಿದ್ದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು; ಹೆಂಡತಿಯ ಕಷ್ಟ ನೋಡಲಾರದೆ ಸಿಂಗರ್ ಅದನ್ನು ಮಾಡಿದನೆಂದು ಅವರು ನಂಬಿದ್ದರು. ನಿಜವಾದ ಸಿಂಗರ್ ಮಹಾಶಯ ಹೆಂಡಿರ ಮೇಲಿನ ಪ್ರೀತಿಗೆ ಹೆಸರಾದವನಲ್ಲ. ಅವನ ಕಂಪನಿ ಹೆಸರಾದದ್ದು ಯಂತ್ರವನ್ನು ಕಂತಿನ ಮೇಲೆ ಮಾರುವ ವಿದ್ಯೆಗೆ. ಮುಂದೆ 1952ರಲ್ಲಿ ಪಂಚಮಢಿಯ ಸಮ್ಮೇಳನದಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಬಡ ದೇಶಗಳಿಗೆ ದೈತ್ಯ ಕಾರ್ಖಾನೆ ಹೊಂದುವುದಿಲ್ಲ, ಸಣ್ಣ ಘಟಕದ ಯಂತ್ರ ಬೇಕೆಂದು ವಾದಿಸಿದರು. ಹೊಲಿಗೆ ಯಂತ್ರಕ್ಕಿಂತ ಸಣ್ಣ ಘಟಕ ಯಾವುದುಂಟು? ಮನೆಮನೆಗೂ ಬಂತು, ಅವಳದೇ ಸ್ವಂತವೂ ಆಯಿತು. ಶೋಷಣೆ ಹೋಯಿತೆ? ಯಂತ್ರ ಸಣ್ಣದಾದ ಮಾತ್ರಕ್ಕೆ ಮಾರುಕಟ್ಟೆ ಸಣ್ಣದಾಗುವುದಿಲ್ಲ ಎಂಬುದನ್ನು ನಮ್ಮ ಪಕ್ಷದ ಹಿರಿಯರು ಭಾಷಣಗಳಲ್ಲಿ ಅಷ್ಟಾಗಿ ಹೇಳಲಿಲ್ಲ. ಹೊಲಿದ ಬಟ್ಟೆಗೆ ದರ ಗೊತ್ತುಮಾಡುವ ಕೈ ಯಾರದೋ ಯಂತ್ರ ಅವರದೇ, ಪತ್ರ ಯಾರ ಹೆಸರಿನಲ್ಲಿದ್ದರೇನು?

ಈ ಗಂಟನ್ನು ಬಿಚ್ಚಿದವರು ಅಹಮದಾಬಾದಿನ ಹೆಂಗಸರು. ಅಲ್ಲಿ ಗಿರಣಿಗಳಿಂದ ಹೊರಬೀಳುವ ಚಿಂದಿ ಬಟ್ಟೆಯನ್ನು ವರ್ತಕರು ಮನೆಗಳಿಗೆ ಕೊಟ್ಟು ರಜಾಯಿಯ ಹೊದಿಕೆ ಹೊಲಿಸುತ್ತಿದ್ದರು. ಹೊಲಿಯುವವರು ಬಡ ಮುಸಲ್ಮಾನ ಹೆಂಗಸರು. ಹೊರಗೆ ಬಂದು ಚೌಕಾಸಿ ಮಾಡುವಂತಿರಲಿಲ್ಲ. 1972ರಲ್ಲಿ ಇಳಾ ಭಟ್ ಅವರು ‘ಸೇವಾ’ ಸಂಘವನ್ನು ನೋಂದಾಯಿಸಲು ಹೋದಾಗ ಅಧಿಕಾರಿಗಳು ಕೇಳಿದರಂತೆ, ಮಾಲಿಕನೇ ಇಲ್ಲದ ಮೇಲೆ ಇದೆಂಥ ಕಾರ್ಮಿಕ ಸಂಘ? ವಾದ ಮಾಡಿ, ಹಠ ಹಿಡಿದು, ನೋಂದಣಿ ಪಡೆದರು. ಚಿಂದಿಯ ಹೆಂಗಸರು ಒಟ್ಟಾಗಿ ದರ ಕೇಳಿದರು. ಆಮೇಲೆ ತಮ್ಮದೇ ಸಹಕಾರ ಸಂಘ ಕಟ್ಟಿ ತಾವೇ ಚಿಂದಿ ಕೊಂಡು, ತಾವೇ ಹೊಲಿದು ಮಾರಿದರು. ಅವರಿಗೆ ಮೊದಲು ಆಸರೆ ಕೊಟ್ಟದ್ದು ಗಾಂಧೀಜಿ ಕಾಲದ ಗಿರಣಿ ಕಾರ್ಮಿಕರ ಸಂಘ, ಮಜೂರ್ ಮಹಾಜನ. 1981ರಲ್ಲಿ ಮನೆಯಿಂದ ಹೊರಗೆ ಹಾಕಿದ್ದೂ ಅದೇ ಸಂಘ. ಆ ವರ್ಷದ ಮೀಸಲಾತಿ ಗಲಭೆಯಲ್ಲಿ ದಲಿತರ ಪರ ನಿಂತರೆಂಬುದು ಅವರ ಅಪರಾಧ. ಗಿರಣಿಯ ಬಂಧುಗಳು ಈ ಕೊನೆಯ ಸಂಗತಿಯನ್ನು ನೆನಪಿಡಬೇಕು. ಸಂಘದ ಸಭೆಯಲ್ಲಿ ಬೋನಸ್ಸಿಗಾಗಿ ಮೇಜು ಗುದ್ದುವವನು ಮನೆಗೆ ಬಂದು “ಹೊಲಿಗೆ ಆಮೇಲೆ ಇರಲಿ, ಮೊದಲು ಕಾಫಿ ತಾ” ಎಂದರೆ, ಮಾಲಿಕನ ಮಾತು ಅವನ ಬಾಯಲ್ಲೇ ಬಂದಂತಾಯಿತು.

ಸುಗ್ಗಿಯ ದಿನಗಳಲ್ಲಿ ಈ ‘ಹವ್ಯಾಸ’ದ ನಿಜ ಬಣ್ಣ ಬಯಲಾಗುತ್ತದೆ. ವರಮಹಾಲಕ್ಷ್ಮಿಯ ಹಿಂದಿನ ವಾರ, ರಂಜಾನಿನ ಕೊನೆಯ ಹತ್ತು ದಿನ, ದಸರೆ, ಲಗ್ನದ ತಿಂಗಳು. ರಾತ್ರಿ ಎರಡು ಗಂಟೆಗೆ ಉದಯಗಿರಿಯಲ್ಲಿ ನಡೆದು ಹೋದರೆ ಯಂತ್ರದ ಸದ್ದು ಕೇಳುತ್ತದೆ. ಮಾರ್ಕ್ಸನ ‘ಬಂಡವಾಳ’ದಲ್ಲಿ ಮೇರಿ ಆನ್ ವಾಕ್ಲಿ ಎಂಬ ಇಪ್ಪತ್ತು ವರ್ಷದ ಹೊಲಿಗೆಯ ಹುಡುಗಿಯ ಕಥೆಯಿದೆ. 1863ರ ಜೂನಿನಲ್ಲಿ ಲಂಡನ್ನಿನಲ್ಲಿ, ರಾಜಕುವರಿಯ ಗೌರವಾರ್ಥದ ನೃತ್ಯಕೂಟಕ್ಕೆ ಬರುವ ಸಿರಿವಂತ ಹೆಂಗಸರ ಉಡುಪುಗಳನ್ನು ತುರ್ತಾಗಿ ಹೊಲಿಯಬೇಕಾಗಿ ಇಪ್ಪತ್ತಾರೂವರೆ ಗಂಟೆ ಎಡೆಬಿಡದೆ ದುಡಿದು ಸತ್ತುಹೋದಳು. ಕೈಯಲ್ಲಿದ್ದ ಉಡುಪು ಮುಗಿಸದೆಯೇ ಸತ್ತಳೆಂದು ಅಂಗಡಿಯೊಡತಿಗೆ ಆಶ್ಚರ್ಯವಾಯಿತಂತೆ. ಅವಳನ್ನೂ ಯಾರಾದರೂ ಹವ್ಯಾಸಿ ಎಂದಿದ್ದರೋ ಏನೋ.

ಸಣ್ಣ ವ್ಯಾಪಾರಿ ಮಿತ್ರರು ಇಷ್ಟು ಹೊತ್ತಿಗೆ ಮುಖ ಸಿಂಡರಿಸಿರಬಹುದು. ಶಿವರಾಂಪೇಟೆಯಲ್ಲಿ, ಸಂತೆಪೇಟೆಯಲ್ಲಿ ಹತ್ತು ಅಡಿಯ ಅಂಗಡಿ ಇಟ್ಟುಕೊಂಡವರ ಕಷ್ಟ ನಮಗೆ ತಿಳಿಯದ್ದಲ್ಲ. ಬಾಡಿಗೆ, ತೆರಿಗೆ, ಮೊಬೈಲಿನಲ್ಲೇ ಸೀರೆ ಮಾರುವ ದೊಡ್ಡ ಕಂಪನಿಗಳ ಹಾವಳಿ. ಫಾಲ್ಸಿಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಪಕ್ಕದ ಅಂಗಡಿಯವನು ಗಿರಾಕಿಯನ್ನು ಎಳೆದುಕೊಳ್ಳುತ್ತಾನೆಂಬ ಹೆದರಿಕೆ. ಅದಕ್ಕೇ ನಾವು ಒಬ್ಬೊಬ್ಬರ ಧರ್ಮಬುದ್ಧಿಯನ್ನು ನಂಬಿ ಕೂರುವುದಿಲ್ಲ. ಊರಿಗೆಲ್ಲ ಒಂದೇ ದರವಾಗಲಿ. ಪಕ್ಕದವನೂ ಅಷ್ಟೇ ಕೊಡಬೇಕಾದರೆ ನಿಮಗೆ ನಷ್ಟವೆಲ್ಲಿಯದು? ಇನ್ನೂ ಒಂದು ಮಾತು. ಆ ಹೆಂಗಸು ಹೆಚ್ಚಿಗೆ ಪಡೆದ ದುಡ್ಡನ್ನು ಸ್ವಿಸ್ ಬ್ಯಾಂಕಿನಲ್ಲಿ ಇಡುವುದಿಲ್ಲ. ನಿಮ್ಮದೇ ಬೀದಿಯಲ್ಲಿ ಅಕ್ಕಿ, ಬೇಳೆ, ಮಗುವಿನ ಚಡ್ಡಿ ಕೊಳ್ಳುತ್ತಾಳೆ.

ಸರಕಾರ ಮೊದಲು ಮಾಡಬೇಕಾದ ಕೆಲಸ ಅದರ ಕೈಯಲ್ಲೇ ಇದೆ. ಸರಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರದ ಬಟ್ಟೆ ಕೊಡುತ್ತ ಬಂದಿದ್ದಾರೆ. ಹೊಲಿಗೆಯ ಕೂಲಿಯನ್ನು ತಂದೆತಾಯಿಗಳ ತಲೆಗೆ ಕಟ್ಟಿ, ಬಟ್ಟೆ ಹೊಲಿಸಲಾರದೆ ಮಕ್ಕಳು ಬಣ್ಣದ ಅಂಗಿಯಲ್ಲೇ ಶಾಲೆಗೆ ಹೋದದ್ದನ್ನು ಎಷ್ಟು ಜೂನ್ ತಿಂಗಳುಗಳಲ್ಲಿ ನೋಡಿಲ್ಲ? ಆ ಹೊಲಿಗೆಯ ಹಣವನ್ನು ಸರಕಾರವೇ ಕೊಡಲಿ; ಕೆಲಸವನ್ನು ದೊಡ್ಡ ಗುತ್ತಿಗೆದಾರನಿಗೆ ಕೊಡದೆ ಮೊಹಲ್ಲಾಗಳ ಹೊಲಿಗೆಯವರ ಸಹಕಾರ ಸಂಘಗಳಿಗೆ ವಹಿಸಲಿ; ಒಂದು ಚಡ್ಡಿಗೆ ಇಷ್ಟು, ಒಂದು ಅಂಗಿಗೆ ಇಷ್ಟು ಎಂದು ಎಂಟು ಗಂಟೆಯ ಕನಿಷ್ಠ ಕೂಲಿಯನ್ನು ಭಾಗಿಸಿ ದರ ಬರೆದು ಶಾಲೆಯ ಗೋಡೆಗೆ ಅಂಟಿಸಲಿ. ಗೋಡೆಗೆ ಅಂಟಿಸಿದ ದರವನ್ನು ಆಮೇಲೆ ಸೀರೆ ಅಂಗಡಿಯಲ್ಲೂ ಬುಟೀಕಿನಲ್ಲೂ ಕೇಳುವುದು ನಮಗೆ ಬಿಟ್ಟದ್ದು.

ಆ ದರಪಟ್ಟಿ ಬರೆಯುವುದಕ್ಕೆ ನಮಗೆ ನಿಜವಾದ ಅಂಕಿಗಳು ಬೇಕು. ಆದುದರಿಂದ ಮನೆಯಲ್ಲಿ ಹೊಲಿಯುವವರು, ಅಥವಾ ಅವರ ಪರವಾಗಿ ಗಂಡನೋ ಮಗನೋ ಮಗಳೋ, ನಮ್ಮ ಪತ್ರಿಕೆಯ ಕಚೇರಿಗೆ ನಾಲ್ಕು ಸಾಲು ಬರೆಯಿರಿ: ಏನು ಹೊಲಿದಿರಿ, ಎಷ್ಟು ಹೊತ್ತು ಹಿಡಿಯಿತು, ದಾರ ಯಾರದು, ಕೈಗೆ ಬಂದದ್ದೆಷ್ಟು. ಅಂಗಡಿಯ ಹೆಸರು ಬರೆಯಬೇಕಾಗಿಲ್ಲ, ನಿಮ್ಮ ಹೆಸರನ್ನೂ ನಾವು ಅಚ್ಚು ಹಾಕುವುದಿಲ್ಲ. ಕಾರ್ಡಿನ ಮೇಲೆ ಉದ್ಯೋಗ ಎಂದು ಬರೆಯುವ ಜಾಗದಲ್ಲಿ ಮಾತ್ರ ದಯವಿಟ್ಟು ‘ಹೊಲಿಗೆ’ ಎಂದೇ ಬರೆಯಿರಿ.